ಮಾತಾಡೋ ಇಂಗ್ಲಿಷ್ ಸರಿ, ಕೇಳಿಸಿಕೊಳ್ಳೋ ಇಂಗ್ಲಿಷ್?

ದಾವಣಗೆರೆಯಲ್ಲಾಗಲಿ ಚನ್ನಗಿರಿಯಲ್ಲಾಗಲಿ, ಬಸ್ ಸ್ಟ್ಯಾಂಡಿನಿಂದ ಹೊರಗೆ ಬಂದು ಒಂದು ಸಲ ತಲೆ ಎತ್ತಿ ನೋಡಿ. 'ಸ್ಪೋಕನ್ ಇಂಗ್ಲಿಷ್ ಕಲಿಸಲಾಗುತ್ತದೆ' ಅನ್ನೋ ಬೋರ್ಡು ಒಂದಾದರೂ ಕಣ್ಣಿಗೆ ಬೀಳುತ್ತೆ. ಲೈಟ್ ಕಂಬಕ್ಕೆ ಅಂಟಿಸಿದ ಚೀಟಿ, ಜೆರಾಕ್ಸ್ ಅಂಗಡಿ ಗೋಡೆಯ ಪೋಸ್ಟರು, ಆಟೋ ಹಿಂದಿನ ಜಾಹೀರಾತು, ಎಲ್ಲದರಲ್ಲೂ ಮಾತಾಡೋ ವಿಷಯವೇ. 'ಇಂಗ್ಲಿಷ್ ಕೇಳಿಸಿಕೊಳ್ಳೋದನ್ನು ಕಲಿಸಲಾಗುತ್ತದೆ' ಅನ್ನೋ ಬೋರ್ಡನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ.

ಆದ್ರೆ ನನ್ನ ಅನುಭವದಲ್ಲಿ ಮೊದಲು ಕೈಕೊಡೋದು ಕಿವಿ. ನಮ್ಮಂಥ ಕನ್ನಡ ಮೀಡಿಯಂನವರು 'ಇಂಗ್ಲಿಷ್ ಮಾತಾಡಕ್ಕೆ ಬರಲ್ಲ' ಅಂತ ಕೊರಗುವಾಗ, ಬಹಳ ಸಲ ನಿಜವಾಗಿ ಆಗಿರೋದು ಏನು ಗೊತ್ತಾ? ಎದುರಿಗಿದ್ದವರು ಹೇಳಿದ್ದೇ ನಮಗೆ ಸಿಕ್ಕಿರಲ್ಲ. ಸದ್ದು ಕೇಳಿಸಿರುತ್ತೆ, ಪದ ಕೇಳಿಸಿರಲ್ಲ. ಪ್ರಶ್ನೆಯೇ ಕೈಗೆ ಸಿಗದಿದ್ದಾಗ ಉತ್ತರ ಎಲ್ಲಿಂದ ಬರಬೇಕು? ಸುಮ್ಮನೆ ನಗ್ತೀವಿ, 'ಯೆಸ್ ಯೆಸ್' ಅಂತೀವಿ, ಮ್ಯೂಟ್ ಬಟನ್ ಹಿಂದೆ ಅಡಗಿಕೊಳ್ತೀವಿ. ಅಪ್ರೈಸಲ್‌ನಲ್ಲಿ 'ಕಮ್ಯುನಿಕೇಷನ್ ಸುಧಾರಿಸಿಕೊಳ್ಳಬೇಕು' ಅಂತ ಒಂದು ಸಾಲು ಬರುತ್ತೆ. ಮನೆಯಲ್ಲಿ 'ನಿಂಗೆ ಧೈರ್ಯ ಕಮ್ಮಿ ಕಣೋ' ಅಂತಾರೆ. ಧೈರ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನನ್ನ ಊರು ಚನ್ನಗಿರಿ ತಾಲೂಕಿನ ಕತ್ತಲಗೆರೆ. ಕೃಷಿ ಸಂಶೋಧನಾ ಕೇಂದ್ರ ಇರೋ ಊರು ಅಂದ್ರೆ ನಮ್ಮ ಕಡೆಯ ರೈತರಿಗೆ ಥಟ್ಟಂತ ಗೊತ್ತಾಗುತ್ತೆ. ಉಳಿದವರು ಭದ್ರಾ ನಾಲೆ, ಭತ್ತದ ಗದ್ದೆ, ಅಡಿಕೆ ತೋಟ ಇಷ್ಟನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ಹೈಸ್ಕೂಲು ಮುಗಿಯೋವರೆಗೆ ಕನ್ನಡ ಮೀಡಿಯಂ, ಆಮೇಲೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಬಂದವನು ಹೆಚ್ಚುಕಮ್ಮಿ ಎರಡು ವರ್ಷ ಅಲ್ಲೇ ಉಳಿದೆ. ಹಳ್ಳಿಗಳಲ್ಲಿ ಸ್ಕೂಲು ಇಲ್ಲದೆ ಮಕ್ಕಳು ತೋಟ, ನಾಲೆ ಅಂತ ಅಲೀತಿದ್ದ ಕಾಲ ಅದು. ಆಗ ಶುರು ಮಾಡಿದ್ದು ಈ ಕೇಳುವ ಪಾಠ. ಈಗಲೂ ತಿಂಗಳಿಗೆ ಎರಡು ಭಾನುವಾರ ನಡೆಯುತ್ತೆ. ಎಂಟರಿಂದ ಹತ್ತನೇ ಕ್ಲಾಸಿನ ಹದಿನೈದಿಪ್ಪತ್ತು ಮಕ್ಕಳು, ನಮ್ಮ ಮನೆ ಪಡಸಾಲೆ, ಒಂದು ಬ್ಲೂಟೂತ್ ಸ್ಪೀಕರು. ಇಷ್ಟೇ ಬಂಡವಾಳ.

ಇದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗಳು. ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ 100ಕ್ಕೆ 91 ತೆಗೆದವಳು. ಲಾಕ್‌ಡೌನ್‌ಗೆ ಹಿಂದಿನ ವರ್ಷ ಸೈನ್ಸ್ ತಗೊಂಡು ಪಿಯುಗೆ ಸೇರಿದಳು. ಮೂರನೇ ವಾರ ಬ್ಯಾಗು ಸಮೇತ ಮನೆಗೆ ಬಂದು ಕೂತಳು. ಏನಾಯ್ತು ಅಂತ ಫೋನಲ್ಲಿ ಕೇಳಿದ್ರೆ, "ಅಣ್ಣಾ, ಲೆಕ್ಚರರ್ ಹೇಳೋದೆಲ್ಲ ಒಂದೇ ಉದ್ದದ ಪದ ಇದ್ದಂಗೆ ಕೇಳ್ಸುತ್ತೆ. ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು ಅಂತಾನೇ ತಿಳಿಯಲ್ಲ" ಅಂದಳು. ಅದೇ ಪಾಠವನ್ನು ಪುಸ್ತಕದಲ್ಲಿ ಓದಿದ್ರೆ ಅವಳಿಗೆ ಅರ್ಥ ಆಗ್ತಿತ್ತು. ಡಿಕ್ಷನರಿ ಇಟ್ಟುಕೊಂಡು ಪುಟಗಟ್ಟಲೆ ಓದ್ತಿದ್ದಳು. ಕ್ಲಾಸಿನ ಸ್ಪೀಡಿಗೆ ಮಾತ್ರ ಅವಳ ಕಿವಿ ಹೊಂದಲಿಲ್ಲ. ಕೊನೆಗೆ ಆರ್ಟ್ಸಿಗೆ ಬದಲಾದಳು. ಆರ್ಟ್ಸ್ ಏನೂ ಕಡಿಮೆ ಅಂತ ಹೇಳ್ತಿಲ್ಲ, ಆದ್ರೆ ಅವಳು ಬಯಸಿದ್ದು ಅದನ್ನಲ್ಲ. 91 ಅಂಕ ತೆಗೆದ ಹುಡುಗಿ 'ನಂಗೆ ತಲೆ ಇಲ್ಲ' ಅಂತ ತೀರ್ಮಾನ ಮಾಡಿಕೊಂಡಿದ್ದು ನನಗೆ ಇವತ್ತಿಗೂ ಚುಚ್ಚುತ್ತೆ.

ಕಿವಿಗೆ ಅಂಕ ಇಲ್ಲ

ಇದು ಹೇಗಾಗುತ್ತೆ ಅಂತ ನೋಡೋಣ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಎರಡನೇ ಭಾಷೆ ಆದ್ರೆ 100 ಅಂಕ. ಅದರಲ್ಲಿ 80 ಬರೆಯೋ ಪರೀಕ್ಷೆಗೆ, 20 ಸ್ಕೂಲಿನ ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಕಿವಿಗೆ ಕೆಲಸವೇ ಇಲ್ಲ. ಭಾಷೆ ಕಲಿಸೋವಾಗ ಆಲಿಸು, ಮಾತಾಡು, ಓದು, ಬರೆ ಅನ್ನೋ ಕ್ರಮವನ್ನು ಬಿ.ಎಡ್. ಮಾಡಿದ ಎಲ್ಲರೂ ಬಾಯಿಪಾಠ ಹೇಳ್ತಾರೆ. ಅಂಕ ಮಾತ್ರ ಆ ಕ್ರಮವನ್ನು ತಲೆಕೆಳಗು ಮಾಡಿ ಹಂಚುತ್ತೆ. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅಂದ್ರೆ ಈಗ ಹತ್ತನೇ ಕ್ಲಾಸಿಗೆ ಬರೋ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತೆ. ಕಣ್ಣಿಂದ.

ಕ್ಲಾಸಲ್ಲಿ ಇಂಗ್ಲಿಷ್ ಕೇಳಿಸಲ್ವಾ ಅಂದ್ರೆ, ಕೇಳಿಸುತ್ತೆ. ಆದ್ರೆ ಹೇಗೆ? ಮೇಷ್ಟ್ರು ಒಂದು ಸಾಲು ಇಂಗ್ಲಿಷ್ ಓದ್ತಾರೆ, ಹಿಂದೆಯೇ ಅದರ ಕನ್ನಡ ಹೇಳ್ತಾರೆ. ಮಕ್ಕಳು ಜಾಣರು. ಕನ್ನಡ ಹೇಗೂ ಬರುತ್ತೆ ಅಂತ ಗೊತ್ತಾದ ಮೇಲೆ ಇಂಗ್ಲಿಷ್ ಸಾಲಿನ ಹೊತ್ತಿಗೆ ಕಿವಿ ರಜೆ ಹಾಕುತ್ತೆ. ಹಿಂದಿ ಸೀರಿಯಲ್ಲಿನ ಕನ್ನಡ ಡಬ್ಬಿಂಗ್ ಬಂದ ಮೇಲೆ ಯಾರು ಹಿಂದಿ ಕೇಳ್ತಾರೆ ಹೇಳಿ? ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಸಿಲಬಸ್ ಮುಗಿಸಬೇಕು, ಪಾಸ್ ಪರ್ಸೆಂಟೇಜ್ ತೋರಿಸಬೇಕು, ಅದರ ಮೇಲೆ ನೂರೆಂಟು ಸಮೀಕ್ಷೆ, ಡ್ಯೂಟಿ.

ಹಾಗಂತ ಯಾರೂ ಪ್ರಯತ್ನವೇ ಮಾಡಿಲ್ಲ ಅಂತಲ್ಲ. ಡಿಎಸ್‌ಇಆರ್‌ಟಿಯವರು ಆಕಾಶವಾಣಿ ಮೂಲಕ ಸ್ಕೂಲುಗಳಿಗೆ 'ಕೇಳಿ-ಕಲಿ', 'ಚುಕ್ಕಿ-ಚಿನ್ನ' ಅಂತ ರೇಡಿಯೋ ಪಾಠ ಪ್ರಸಾರ ಮಾಡಿದ್ದು ನನ್ನ ವಯಸ್ಸಿನ ಬಹಳ ಜನಕ್ಕೆ ನೆನಪಿರಬಹುದು. ಮೇಜಿನ ಮೇಲೆ ರೇಡಿಯೋ, ಸುತ್ತ ನಾವು. ಆದ್ರೆ ಹೈಸ್ಕೂಲಿಗೆ ಬರೋ ಹೊತ್ತಿಗೆ, ಅಂದ್ರೆ ಕಿವಿ ತಯಾರಾಗಬೇಕಾದ ಸರಿಯಾದ ಹೊತ್ತಿಗೆ, ರೇಡಿಯೋ ಹೋಗಿ ಗೈಡ್ ಬರುತ್ತೆ.

ಸಂಧಿ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಿದೆ

ಮೊದಮೊದಲ ಕ್ಲಾಸುಗಳಲ್ಲಿ ಒಂದು ದಿನ ಒಂದೇ ವಾಕ್ಯ ಹಾಕಿದೆ. ನಿಧಾನಕ್ಕೆ ಹೇಳಿದ್ರೆ 'ವಾಟ್ ಆರ್ ಯು ಗೋಯಿಂಗ್ ಟು ಡೂ'. ರೆಕಾರ್ಡಿಂಗಲ್ಲಿ ಇದ್ದದ್ದು 'ವಾಟರ್ಯ ಗೊನ ಡೂ'. ಏನು ಕೇಳಿಸ್ತು ಅಂದೆ. ಹಿಂದೆ ಕೂತಿದ್ದ ಎಂಟನೇ ಕ್ಲಾಸಿನ ಹುಡುಗ ತುಂಬಾ ಗಂಭೀರವಾಗಿ, "ಅಣ್ಣಾ, ನೀರಿನ್ ವಿಷ್ಯ ಏನೋ ಹೇಳ್ತಿದಾರೆ" ಅಂದ. ನಾಲೆಗೆ ನೀರು ಯಾವಾಗ ಬಿಡ್ತಾರೆ ಅನ್ನೋದೇ ದೊಡ್ಡ ಸುದ್ದಿಯಾಗಿರೋ ಊರಲ್ಲಿ ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ನಕ್ಕು ಮುಗಿಸಿ ನಾನು ಕೇಳಿದೆ: "ನಿಮ್ಮಮ್ಮ ನಿನ್ನನ್ನ 'ನೀನು ಎಲ್ಲಿಗೆ ಹೋಗಿದ್ದೆ' ಅಂತ ಬಿಡಿಸಿ ಬಿಡಿಸಿ ಕೇಳ್ತಾರಾ?" ಇಲ್ಲ. 'ಎಲ್ಲೋಗಿದ್ಯೋ' ಅಂತಾರೆ. ಮೂರು ಪದ ಸೇರಿ ಒಂದು ಉಸಿರು. 'ಏನು ಮಾಡುತ್ತಾ ಇದ್ದೀಯ' ಅನ್ನೋದು 'ಏನ್ಮಾಡ್ತಿದೀಯ' ಆಗುತ್ತೆ. ಅದರಲ್ಲಿ ಎಷ್ಟು ಅಕ್ಷರ ನುಂಗಿ ಹೋಗಿದೆ ಅಂತ ಯಾರೂ ಲೆಕ್ಕ ಹಾಕಲ್ಲ, ಎಲ್ಲರಿಗೂ ಅರ್ಥ ಆಗುತ್ತೆ. ನುಂಗಿದ ಮಾತನ್ನು ಬಿಡಿಸಿಕೊಳ್ಳೋ ವಿದ್ಯೆ ಈ ಮಕ್ಕಳಿಗೆ ಮೂರು ವರ್ಷದವರಿದ್ದಾಗಲೇ ಬಂದಿದೆ. ಇಂಗ್ಲಿಷಿನವರೂ ನಮ್ಮ ಹಾಗೇ ನುಂಗ್ತಾರೆ ಅಂತ ಇವರಿಗೆ ಯಾರೂ ಹೇಳಿರಲ್ಲ, ಅಷ್ಟೇ.

ಇನ್ನೂ ಮಜಾ ಏನಂದ್ರೆ, ಈ ನುಂಗಾಟದ ನಿಯಮಗಳನ್ನು ನಮ್ಮ ಮಕ್ಕಳು ಕನ್ನಡ ಪರೀಕ್ಷೆಗೆ ಓದಿರ್ತಾರೆ. ಸಂಧಿ! ಊರು + ಅಲ್ಲಿ = ಊರಲ್ಲಿ, ಲೋಪ ಸಂಧಿ. ಮನೆ + ಅನ್ನು = ಮನೆಯನ್ನು, ಯಕಾರಾಗಮ. ಗುರು + ಅನ್ನು = ಗುರುವನ್ನು, ವಕಾರಾಗಮ. ಮಳೆ + ಕಾಲ = ಮಳೆಗಾಲ, ಆದೇಶ ಸಂಧಿ. ಎರಡು ಅಂಕಕ್ಕೆ ಉರು ಹೊಡೆಯೋದು, ಪರೀಕ್ಷೆ ಮುಗಿದ ಮೇಲೆ ಮರೆಯೋದು.

ಈಗ ಇದನ್ನು ನೋಡಿ. 'ಸೀ' ಮತ್ತು 'ಇಟ್' ಸೇರಿದ್ರೆ ಕೇಳಿಸೋದು 'ಸೀಯಿಟ್'. ನಡುವೆ ಒಂದು ಯಕಾರ ಬಂತಲ್ಲ? 'ಗೋ' ಮತ್ತು 'ಆನ್' ಸೇರಿದ್ರೆ 'ಗೋವಾನ್'. ವಕಾರ ಬಂತು. 'ಟೆಲ್ ಹಿಮ್' ಅನ್ನೋದು ವೇಗದಲ್ಲಿ 'ಟೆಲಿಮ್' ಆಗುತ್ತೆ, ಹಕಾರ ಲೋಪ. 'ನೆಕ್ಸ್ಟ್ ಡೇ' ಅನ್ನೋದು 'ನೆಕ್ಸ್ ಡೇ', ಅಲ್ಲೂ ಲೋಪ. 'ಡಿಡ್ ಯು' ಅನ್ನೋದು 'ಡಿಜು', 'ಡೋಂಟ್ ಯು' ಅನ್ನೋದು 'ಡೋಂಚು'. ಒಂದು ವ್ಯಂಜನದ ಜಾಗಕ್ಕೆ ಇನ್ನೊಂದು ಬಂದು ಕೂತಿದೆ, ಆದೇಶ. ವ್ಯಾಕರಣ ಪಂಡಿತರು ಇದನ್ನು ಓದಿದರೆ ಹುಬ್ಬು ಗಂಟು ಹಾಕಬಹುದು. ಎರಡು ಭಾಷೆಯ ನಿಯಮ ಅಕ್ಷರಶಃ ಒಂದೇ ಅಂತ ನಾನೂ ವಾದ ಮಾಡಲ್ಲ. ಆದ್ರೆ ಬಾಯಿಗೆ ಸುಲಭವಾಗೋದನ್ನು ಎಲ್ಲ ಭಾಷೆಯವರೂ ಮಾಡ್ತಾರೆ ಅನ್ನೋದು ಹದಿನಾಲ್ಕು ವರ್ಷದ ಮಗುವಿಗೆ ಈ ದಾರಿಯಲ್ಲಿ ಐದು ನಿಮಿಷಕ್ಕೆ ಅರ್ಥವಾಗುತ್ತೆ. ಇಂಗ್ಲಿಷ್ ಪುಸ್ತಕದಲ್ಲಿ ಇದನ್ನು ವಿವರಿಸೋಕೆ ಪುಟಗಟ್ಟಲೆ ಬೇಕು.

ಅವತ್ತಿಂದ ನಮ್ಮ ಪಡಸಾಲೆಯಲ್ಲಿ 'ಸಂಧಿ ಬಿಡಿಸೋ ಆಟ' ಅಂತ ಒಂದು ಖಾಯಂ ಆಯ್ತು. ಹತ್ತು ಸೆಕೆಂಡಿನ ತುಣುಕು ಹಾಕೋದು, ಎಲ್ಲಿ ಏನು ನುಂಗಿದ್ರು ಅಂತ ಹಿಡಿಯೋದು. 'ಲೋಪ ಸಂಧಿ ಅಣ್ಣಾ!' ಅಂತ ಕೂಗ್ತಾರೆ. ಅಮ್ಮ ಅಡುಗೆಮನೆಯಿಂದ "ಇದು ಕನ್ನಡ ಕ್ಲಾಸೋ ಇಂಗ್ಲಿಷ್ ಕ್ಲಾಸೋ" ಅಂತ ಕೇಳಿದ್ದೂ ಉಂಟು.

ಒಂದು ಕಡೆ ಮಾತ್ರ ಕನ್ನಡ ನಮ್ಮ ಕೈಬಿಡುತ್ತೆ. ನಾವು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತಾಡೋ ಜನ. 'ವೆಜಿಟೇಬಲ್' ಅಂತ ನಾಲ್ಕೂ ಭಾಗ ಪೂರ್ತಿ ಹೇಳ್ತೀವಿ. ಇಂಗ್ಲಿಷಿನವರು ಒತ್ತು ಬೀಳೋ ಒಂದು ಜಾಗ ಹಿಡಿದು, ಉಳಿದದ್ದನ್ನು ಹಿಂಡಿ 'ವೆಜ್ಟಬ್ಲ್' ಅಂತಾರೆ. 'ಕಂಫರ್ಟಬಲ್' ಅನ್ನೋದು 'ಕಂಫ್ಟಬ್ಲ್'. ಮಗುವಿಗೆ ಪದ ಗೊತ್ತು, ಸ್ಪೆಲಿಂಗ್ ಗೊತ್ತು, ಅರ್ಥ ಗೊತ್ತು. ಆದ್ರೆ ತಲೆಯಲ್ಲಿ ಇಟ್ಟುಕೊಂಡ ಸದ್ದು ಬೇರೆ, ಸ್ಪೀಕರಿನಿಂದ ಬಂದ ಸದ್ದು ಬೇರೆ. ಹಾಗಾಗಿ ಗೊತ್ತಿರೋ ಪದವೇ ಗುರುತು ಸಿಗದೆ ಮುಂದೆ ಹೋಗಿಬಿಡುತ್ತೆ. 'ಥರ್ಟೀನ್' ಮತ್ತು 'ಥರ್ಟಿ' ನಡುವೆ ಒದ್ದಾಡೋದೂ ಇದಕ್ಕೇ. ಕೊನೆಯ ನಕಾರಕ್ಕಾಗಿ ಕಾದು ಕೂತರೆ ಅದು ಎಷ್ಟೋ ಸಲ ಕೇಳಿಸೋದೇ ಇಲ್ಲ. ಒತ್ತು ಮುಂದಿನ ಭಾಗದ ಮೇಲೋ ಹಿಂದಿನ ಭಾಗದ ಮೇಲೋ ಅಂತ ನೋಡಬೇಕು. ಇದಕ್ಕೆ ಅಭ್ಯಾಸ ಬಿಟ್ಟರೆ ಅಡ್ಡದಾರಿ ಇಲ್ಲ. ಹೊಸ ಪದ ಕಲಿಯೋವಾಗಲೇ ಅದರ ಸದ್ದನ್ನೂ ಕೇಳಿಬಿಟ್ಟರೆ ಮುಂದಿನ ಕಷ್ಟ ತಪ್ಪುತ್ತೆ. ಫೋನಿನ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿದ್ರೆ ಆಯ್ತು.

ಅಂದಹಾಗೆ, 'ಶಿಪ್-ಶೀಪ್' ಅಂತ ಎಲ್ಲ ಪುಸ್ತಕದಲ್ಲೂ ಇರೋ ಡ್ರಿಲ್ಲಿಗೆ ನಾನು ಟೈಮೇ ಕೊಡಲ್ಲ. ಇ-ಈ ಹ್ರಸ್ವ ದೀರ್ಘ ನಮಗೆ ಹುಟ್ಟಿನಿಂದ ಬಂದಿದೆ. ಬಂದರಿನಲ್ಲಿ ಕುರಿ ಬಂದು ನಿಂತಿದೆ ಅಂತ ಯಾರೂ ತಿಳ್ಕೊಳ್ಳಲ್ಲ.

ಅಜ್ಜನ ರೇಡಿಯೋ

ನಮ್ಮಜ್ಜ ಭದ್ರಾವತಿ ಆಕಾಶವಾಣಿಯಲ್ಲಿ ಪೇಟೆ ಧಾರಣೆ ಕೇಳ್ತಿದ್ದ ರೀತಿ ನೆನಪಾಗುತ್ತೆ. ರೇಡಿಯೋದಲ್ಲಿ ಸಾಲುಸಾಲಾಗಿ ಊರು, ಬೆಳೆ, ಕನಿಷ್ಠ, ಗರಿಷ್ಠ ಅಂತ ಓದಿಕೊಂಡು ಹೋಗ್ತಿದ್ರು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ತನ್ನ ಪಾಡಿಗೆ ತಾನು ಕೂತಿರ್ತಿದ್ದ. 'ಅಡಿಕೆ' ಅಂತ ಬರ್ತಿದ್ದ ಹಾಗೆ ಕೈ ನಿಲ್ಲೋದು. ರಾಶಿ ಎಷ್ಟು ಅಂತ ಒಂದು ಸಂಖ್ಯೆ ಕಿವಿಗೆ ಬಿತ್ತಾ, ಮತ್ತೆ ಸುಣ್ಣ ಹಚ್ಚೋದು ಶುರು. ಉಳಿದದ್ದು ಅವನಿಗೆ ಬೇಕಿಲ್ಲ.

ಒಳ್ಳೆ ಕೇಳುಗ ಅಂದ್ರೆ ಇದೇ. ಏನು ಬೇಕು ಅಂತ ಮೊದಲೇ ಗೊತ್ತಿರಬೇಕು. ನಮ್ಮ ಮಕ್ಕಳು ಇಂಗ್ಲಿಷ್ ಆಡಿಯೋ ಹಾಕಿದ ಕೂಡಲೇ ಪ್ರತಿ ಪದವನ್ನೂ ಹಿಡಿಯೋಕೆ ಹೋಗ್ತಾರೆ. ಮೂರನೇ ಪದ ತಪ್ಪಿತು ಅಂತ ಅದರ ಹಿಂದೆ ಹೋಗೋದ್ರೊಳಗೆ ಹತ್ತು ಪದ ಮುಂದೆ ಹೋಗಿರುತ್ತೆ. ಆಮೇಲೆ ಪೂರ್ತಿ ಕೈಚೆಲ್ಲಿ ಕೂರೋದು. ಅದಕ್ಕೇ ನಾನು ಪ್ರಶ್ನೆ ಕೇಳದೆ ಯಾವ ಆಡಿಯೋವನ್ನೂ ಹಾಕಲ್ಲ. ಕೇಳಿ ಮುಗಿದ ಮೇಲೆ 'ಏನು ಅರ್ಥ ಆಯ್ತು' ಅಂತ ಕೇಳೋದು ಜ್ಞಾಪಕಶಕ್ತಿಯ ಪರೀಕ್ಷೆ ಆಗುತ್ತೆ. ಮೊದಲೇ 'ಬಸ್ಸು ಎಷ್ಟು ಗಂಟೆಗೆ ಅಂತ ಹೇಳ್ತಾರೆ, ಅದೊಂದನ್ನ ಹಿಡೀರಿ' ಅಂದ್ರೆ ಅದು ಕೇಳುವ ಪಾಠ.

ಮೂರು ಸಲ ಹಾಕ್ತೀನಿ. ಮೊದಲನೇ ಸಲ ಯಾರು, ಎಲ್ಲಿ, ಯಾವ ವಿಷಯ ಇಷ್ಟೇ. ಎರಡನೇ ಸಲ ಒಂದೋ ಎರಡೋ ನಿರ್ದಿಷ್ಟ ಪ್ರಶ್ನೆ. ಮೂರನೇ ಸಲ ಬರಹವನ್ನು ಕೈಗೆ ಕೊಟ್ಟು, ಕಣ್ಣು ಕಿವಿ ಎರಡನ್ನೂ ಜೋಡಿಸೋದು. 'ಓ, ಇದಾ ಅವರು ಹೇಳಿದ್ದು!' ಅಂತ ಪಡಸಾಲೆ ತುಂಬ ಸದ್ದು ಏಳೋದು ಈ ಮೂರನೇ ಸಲವೇ. ಗಮಕ ಕೇಳಿದವರಿಗೆ ಇದು ಹೊಸದಲ್ಲ. ಗಮಕಿ ಪದ್ಯ ವಾಚನ ಮಾಡ್ತಾರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸ್ತಾರೆ. ಹಳೆಯ ಕನ್ನಡ ಓದಲು ಬಾರದವರೂ ರಾತ್ರಿಯೆಲ್ಲ ಕೂತು ಕುಮಾರವ್ಯಾಸನನ್ನು ಸವಿದದ್ದು ಹೀಗೇ ಅಲ್ವಾ?

ಬೆಂಗಳೂರಲ್ಲೇ ಹುಟ್ಟಿದ್ದು

ಈ ವಿಷಯ ಓದುತ್ತಾ ಹೋದಾಗ ನನಗೆ ಖುಷಿ ಕೊಟ್ಟ ಸಂಗತಿ ಒಂದಿದೆ. ಇವತ್ತು ಜಗತ್ತಿನ ಭಾಷಾ ಶಿಕ್ಷಕರೆಲ್ಲ ಮಾತಾಡೋ 'ಟಾಸ್ಕ್' ಪದ್ಧತಿಯ ಹೆಸರಾಂತ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಕಡೆಯೇ. 1979ರಿಂದ 1984ರವರೆಗೆ, ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಮಾಡಿದ ಕೆಲಸ. 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಅದು ಹೆಸರಾಗಿದೆ. ಪ್ರಭು ಅವರು 1987ರಲ್ಲಿ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಅನ್ನೋ ಪುಸ್ತಕದಲ್ಲಿ ಅದನ್ನೆಲ್ಲ ಬರೆದಿದ್ದಾರೆ.

ಅಲ್ಲಿ ವ್ಯಾಕರಣವನ್ನು ಪಾಠ ಅಂತ ಮಾಡ್ತಿರಲಿಲ್ಲ. ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವನ್ನು ಇಟ್ಟುಕೊಂಡು, ಮೇಷ್ಟ್ರು ಇಂಗ್ಲಿಷಲ್ಲಿ ಪ್ರಶ್ನೆ ಕೇಳುತ್ತಾ ಇಡೀ ಕ್ಲಾಸಿನ ಜೊತೆ ಒಂದು ಲೆಕ್ಕ ಬಿಡಿಸ್ತಿದ್ರು. ಮಕ್ಕಳು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲೇಬೇಕು ಅನ್ನೋ ಒತ್ತಾಯ ಇರಲಿಲ್ಲ. ಒಂದು ಪದ, ಒಂದು ಸಂಖ್ಯೆ ಹೇಳಿದರೂ ಸಾಕು. ಮೇಷ್ಟ್ರು ಹೇಳಿದ್ದು ಅರ್ಥವಾಗಿದೆ ಅನ್ನೋದಕ್ಕೆ ಲೆಕ್ಕ ಸರಿ ಬಂದದ್ದೇ ಸಾಕ್ಷಿ. ಇನ್ನೊಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು: ಕೆಲಸ ಸುಮಾರು ಅರ್ಧ ಕ್ಲಾಸಿಗಾದರೂ ಆಗುವಷ್ಟು ಸುಲಭ ಇರಬೇಕು, ಯೋಚನೆ ಮಾಡದೆ ಆಗುವಷ್ಟು ಸುಲಭ ಇರಬಾರದು.

ನಾನು ರೈಲಿನ ಬದಲು ನಮ್ಮ ಬಸ್ಸುಗಳನ್ನು ತಗೊಂಡೆ. 'ನೀನು ದಾವಣಗೆರೆಯಲ್ಲಿ ಹತ್ತೂವರೆಗೆ ಇರಬೇಕು, ಬಸ್ಸು ಇಷ್ಟು ಹೊತ್ತು ತಗೊಳ್ಳುತ್ತೆ, ಮಧ್ಯೆ ಅಂಗಡಿಯಲ್ಲಿ ಕಾಲು ಗಂಟೆ ಕೆಲಸ ಇದೆ, ಯಾವ ಬಸ್ಸು ಹತ್ತಬೇಕು?' ಅಂತ ಇಂಗ್ಲಿಷಲ್ಲಿ ಹೇಳೋದು. ಉತ್ತರವಾಗಿ ಅವರು ಬೋರ್ಡಿನ ಮೇಲಿನ ಒಂದು ಟೈಮಿಗೆ ಗೆರೆ ಎಳೆದ್ರೆ ಆಯ್ತು. ಮಾತಾಡೋ ಭಯ ಇಲ್ಲದಿದ್ದಾಗ ಮಕ್ಕಳು ಎಷ್ಟು ಗಮನ ಇಟ್ಟು ಕೇಳ್ತಾರೆ ಅಂತ ನೀವು ನೋಡಬೇಕು. ಮಾತು ಆಮೇಲೆ ತಾನಾಗೇ ಬರುತ್ತೆ, ಮೊದಲು ತುಂಡು ತುಂಡಾಗಿ. ಬಾಯಿ ತೆರೆಸೋಕೆ ಅವಸರ ಮಾಡೋ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳ ಬಗ್ಗೆ ನನ್ನ ತಕರಾರು ಇರೋದು ಇಲ್ಲೇ.

ಏನು ಕೇಳಿಸಬೇಕು

'ಇಂಗ್ಲಿಷ್ ಸಿನಿಮಾ ನೋಡು, ಸಬ್‌ಟೈಟಲ್ ಹಾಕ್ಕೋ' ಅಂತ ಎಲ್ಲರೂ ಉಪದೇಶ ಮಾಡ್ತಾರೆ. ಸಬ್‌ಟೈಟಲ್ ಬಂದ ಕೂಡಲೇ ಕಣ್ಣು ಓದುತ್ತೆ, ಕಿವಿ ಮತ್ತೆ ರಜೆ. ಹೈಸ್ಕೂಲು ಮಕ್ಕಳಿಗೆ ಅದನ್ನು ನಾನು ಹೇಳಲ್ಲ. ಅಮೆರಿಕದವರ ದನಿಯಿಂದ ಶುರು ಮಾಡೋದೂ ಬೇಡ. ನಮ್ಮವರ ಇಂಗ್ಲಿಷ್ ಮೊದಲು ಕಿವಿಗೆ ಬೀಳಲಿ. ನಾಳೆ ಪಿಯು ಕಾಲೇಜಲ್ಲಿ ಅವರು ಕೇಳಬೇಕಾಗಿರೋದು ಅದನ್ನೇ.

ನಮ್ಮ ಕ್ಲಾಸಲ್ಲಿ ಅತಿ ಹೆಚ್ಚು ಓಡಿದ ತುಣುಕು ಅಂದ್ರೆ 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗಿನ ಇಸ್ರೋ ನೇರ ಪ್ರಸಾರ. ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು, ಪರದೆಯಲ್ಲಿ ಕಾಣುತ್ತೆ, ಎತ್ತರ ಎಷ್ಟು, ವೇಗ ಎಷ್ಟು ಅಂತ ಸಂಖ್ಯೆಗಳು ಬರ್ತಾ ಇರುತ್ತವೆ. ಪರದೆ ಮುಚ್ಚಿ, ಬರೀ ಸಂಖ್ಯೆ ಬರೆದುಕೊಳ್ಳಿ ಅಂದೆ. ಎರಡನೇ ಸಲಕ್ಕೆ ಮುಕ್ಕಾಲು ಪಾಲು ಮಕ್ಕಳು ಹಿಡಿದ್ರು.

ಇನ್ನೊಂದು, ಕ್ರಿಕೆಟ್ ಕಾಮೆಂಟರಿ. ಒಬ್ಬ ಹುಡುಗ ಇದ್ದಾನೆ, ಒಂಬತ್ತನೇ ಕ್ಲಾಸು. ಬರೆಯೋ ಪರೀಕ್ಷೆಯಲ್ಲಿ ಇಂಗ್ಲಿಷ್ ಅಂದ್ರೆ ಅವನಿಗೆ ಅಂಚಿನ ಪಾಸು. ಹರ್ಷ ಭೋಗ್ಲೆ ಕಾಮೆಂಟರಿಯನ್ನು ಪರದೆ ಮುಚ್ಚಿ ಹಾಕಿದಾಗ ಚೆಂಡು ಎಲ್ಲಿ ಬಿತ್ತು, ಎಡ್ಜ್ ಎಲ್ಲಿ ಹೋಯ್ತು, ಫೀಲ್ಡರ್ ಯಾರು ಅಂತ ಬಿಡದೆ ಹೇಳಿದ. ಕ್ಲಾಸಿನ ಟಾಪರ್ ಹುಡುಗಿ ಬಾಯಿಬಿಟ್ಟು ನೋಡ್ತಾ ಕೂತಿದ್ದಳು. ಅವನಿಗೆ ಇಂಗ್ಲಿಷ್ ಕೇಳಕ್ಕೆ ಬರುತ್ತೆ ಅಂತ ಅವನಿಗೇ ಗೊತ್ತಿರಲಿಲ್ಲ. ವಿಷಯ ಗೊತ್ತಿದ್ದರೆ ಭಾಷೆ ಅರ್ಧ ಬಿಟ್ಟುಕೊಡುತ್ತೆ. ಆದ್ದರಿಂದ ಹೊಸ ವಿಷಯದ ಆಡಿಯೋ ಆದರೆ, ಹಾಕೋ ಮುಂಚೆ ಐದು ನಿಮಿಷ ಆ ವಿಷಯವನ್ನು ಕನ್ನಡದಲ್ಲೇ ಮಾತಾಡ್ತೀವಿ. ಕನ್ನಡವನ್ನು ಕ್ಲಾಸಿಂದ ಹೊರಗೆ ಹಾಕಬೇಕು ಅನ್ನೋರ ಮಾತು ನನಗೆ ಒಪ್ಪಿಗೆ ಇಲ್ಲ. ಮುಂಚೆ ಬರಲಿ. ಹಿಂದೆಯೇ ಅನುವಾದವಾಗಿ ಬರೋದು ಬೇಡ, ಅಷ್ಟೇ.

ಇದು ಹಿಡಿತಕ್ಕೆ ಬಂದ ಮೇಲೆ ನಿಧಾನಗತಿಯ ಸುದ್ದಿ ಇದೆ. ವಾಯ್ಸ್ ಆಫ್ ಅಮೆರಿಕ 1959ರಲ್ಲೇ 'ಸ್ಪೆಷಲ್ ಇಂಗ್ಲಿಷ್' ಅಂತ ಶುರು ಮಾಡಿತ್ತು. ಸುಮಾರು 1500 ಪದಗಳ ಒಳಗೆ, ಸಾಮಾನ್ಯಕ್ಕಿಂತ ನಿಧಾನವಾಗಿ ಓದ್ತಿದ್ದ ಸುದ್ದಿ. ಬಿಬಿಸಿಯ '6 ಮಿನಿಟ್ ಇಂಗ್ಲಿಷ್' ಆರು ನಿಮಿಷದ ಮಾತುಕತೆ, ಬರಹ ಸಮೇತ ಸಿಗುತ್ತೆ. ಯೂಟ್ಯೂಬಲ್ಲಿ ವೇಗ 0.75ಕ್ಕೆ ಇಳಿಸೋ ಸೌಕರ್ಯ ಇದೆ. ಒಂದು ಸಲ ಇಳಿಸಿ ಕೇಳಿ, ಆದ್ರೆ ಕೊನೆಯ ಸಲ ಮಾಮೂಲಿ ವೇಗದಲ್ಲೇ ಕೇಳಿ. ಇಲ್ಲದಿದ್ರೆ ಕಿವಿ ಸೋಮಾರಿ ಆಗುತ್ತೆ.

ಸ್ಪೀಕರ್ ವಿಷಯ ಚಿಕ್ಕದು ಅಂತ ಅನ್ನಿಸಬಹುದು. ಹಂಚಿನ ಮನೆ, ಮೇಲೆ ಮಳೆ, ಫೋನಿನ ಪುಟ್ಟ ಸ್ಪೀಕರ್ ಅಂದ್ರೆ ಇಂಗ್ಲಿಷ್ ಪ್ರೊಫೆಸರಿಗೂ ಏನೂ ಕೇಳಿಸಲ್ಲ. ಮಕ್ಕಳ ಪಾಲಿಗೆ ಅದು 'ನಂಗೆ ಇಂಗ್ಲಿಷ್ ಬರಲ್ಲ' ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಆಗಿಬಿಡುತ್ತೆ. ಮಳೆ ಬಂದ ದಿನ ನಾವು ಆಡಿಯೋ ಮುಟ್ಟಲ್ಲ, ಕಥೆ ಹೇಳ್ತೀವಿ.

ಒಮ್ಮೆ ಇದನ್ನೆಲ್ಲ ಕೇಳಿದ ಹೈಸ್ಕೂಲಿನ ಇಂಗ್ಲಿಷ್ ಮೇಡಂ ಒಬ್ಬರು ಮೆಲ್ಲಗೆ ಹೇಳಿದ್ರು: "ಆ ಫಾರಿನ್ ಆಡಿಯೋ ನನಗೇ ಪೂರ್ತಿ ತಿಳಿಯಲ್ಲಪ್ಪ. ಮಕ್ಕಳ ಮುಂದೆ ಹೇಗೆ ಹಾಕ್ಲಿ?" ಎಷ್ಟು ಪ್ರಾಮಾಣಿಕವಾದ ಮಾತು! ಆದ್ರೆ ಅವರಿಗೆ ಫಾರಿನ್ ಆಡಿಯೋ ಬೇಕಾಗೇ ಇಲ್ಲ. ಅವರ ದನಿಯೇ ಸಾಕು. ದಿನಕ್ಕೆ ಐದು ನಿಮಿಷ, ಅನುವಾದ ಇಲ್ಲದೆ, ನಿನ್ನೆ ಸಂತೆಯಲ್ಲಿ ಏನಾಯ್ತು ಅಂತ ಸರಳ ಇಂಗ್ಲಿಷಲ್ಲಿ ಹೇಳಿದ್ರೂ ಆಯ್ತು. ಕೈಬಾಯಿ ಸನ್ನೆ ಇರಲಿ, ಬೋರ್ಡ್ ಮೇಲೆ ಚಿತ್ರ ಇರಲಿ. ಕೊನೆಗೆ ಮಕ್ಕಳು ಕಿವಿಗೆ ಬಿದ್ದಷ್ಟು ಪದ ಬರೆದುಕೊಂಡು, ಅಕ್ಕಪಕ್ಕದವರ ಜೊತೆ ಸೇರಿ ಆ ಕಥೆಯನ್ನು ತಮ್ಮ ಇಂಗ್ಲಿಷಲ್ಲೇ ಮತ್ತೆ ಕಟ್ಟಲಿ. ಇದಕ್ಕೆ 'ಡಿಕ್ಟೋಗ್ಲಾಸ್' ಅಂತ ದೊಡ್ಡ ಹೆಸರಿದೆ. ಖರ್ಚು ಒಂದು ಸೀಮೆಸುಣ್ಣದ್ದು. ಆ ಮೇಡಂ ಶುರು ಮಾಡಿದ್ದಾರೆ. ಆಂತರಿಕ 20 ಅಂಕದಲ್ಲಿ ಐದನ್ನು ಇದಕ್ಕೆ ಇಡಬಹುದಲ್ವಾ ಅಂತ ಅವರೇ ಯೋಚನೆ ಮಾಡ್ತಿದ್ದಾರೆ.

ವಿದೇಶಕ್ಕೆ ಓದೋಕೆ ಹೋಗೋ ಸ್ನೇಹಿತರು ಐಇಎಲ್‌ಟಿಎಸ್ ಬರೆಯೋವಾಗ ಈ ಕಿವಿಯ ವಿಷಯ ದಿಢೀರನೆ ನೆನಪಾಗುತ್ತೆ. ಸುಮಾರು 30 ನಿಮಿಷ, 40 ಪ್ರಶ್ನೆ, ರೆಕಾರ್ಡಿಂಗ್ ಒಂದೇ ಸಲ. ಇಪ್ಪತ್ತೈದನೇ ವಯಸ್ಸಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕಲಿಯೋ ಆ ವಿದ್ಯೆಗೆ ಹದಿನಾಲ್ಕರಲ್ಲಿ ಹತ್ತು ನಿಮಿಷ ಮೀಸಲಿಟ್ಟಿದ್ದರೆ ಸಾಕಿತ್ತು. ಊರಲ್ಲಿ ತಮ್ಮನೋ ತಂಗಿಯೋ ಹೈಸ್ಕೂಲಲ್ಲಿ ಇದ್ದರೆ ನೀವು ಇವತ್ತೇ ಶುರು ಮಾಡಬಹುದು. ನಾನು ಬೆಂಗಳೂರಲ್ಲಿ ಇರೋ ವಾರಗಳಲ್ಲಿ ಮಕ್ಕಳ ವಾಟ್ಸಾಪ್ ಗ್ರೂಪಿಗೆ ದಿನಕ್ಕೊಂದು ಅರ್ಧ ನಿಮಿಷದ ವಾಯ್ಸ್ ನೋಟ್ ಹಾಕ್ತೀನಿ. ಆಫೀಸಲ್ಲಿ ಏನಾಯ್ತು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡೆ ಅಂತ. ಕೊನೆಗೆ ಒಂದು ಪ್ರಶ್ನೆ. ಉತ್ತರ ಕನ್ನಡದಲ್ಲಿ ಬಂದ್ರೂ ಪರವಾಗಿಲ್ಲ ಅಂತ ಹೇಳಿದ್ದೆ. ಈಗೀಗ ಇಂಗ್ಲಿಷಲ್ಲೇ ಬರ್ತಾ ಇದೆ, ಸಂಧಿ ಸಮೇತ.

ಮುಂದಿನ ಭಾನುವಾರಕ್ಕೆ ಹುಡುಗರು ಏರ್‌ಪೋರ್ಟಿನ ಅನೌನ್ಸ್‌ಮೆಂಟ್ ಕೇಳಿದ್ದಾರೆ. 2023ರಲ್ಲಿ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಶುರುವಾದಾಗಿಂದ ಎಲ್ಲರಿಗೂ ಅದರದೇ ಧ್ಯಾನ, ಒಳಗೆ ಕಾಲಿಟ್ಟವರು ಮಾತ್ರ ಒಬ್ಬರೂ ಇಲ್ಲ. ಗಲಾಟೆ, ಪ್ರತಿಧ್ವನಿ ಎಲ್ಲ ಸೇರಿ ಬರೋ ಆ ದನಿ ನನಗೇ ಒಂದೇ ಸಲಕ್ಕೆ ಪೂರ್ತಿ ಸಿಗೋದು ಅಪರೂಪ. ಆದರೂ ಒಂದು ರೆಕಾರ್ಡಿಂಗ್ ಹುಡುಕಿಟ್ಟಿದ್ದೀನಿ. ಪ್ರಶ್ನೆ ಒಂದೇ: ಗೇಟ್ ನಂಬರ್ ಎಷ್ಟು?